ಬಾಳಿಕೆಯ ವಿವೇಕ

ವಸ್ತುವೊಂದರ ಬೆಲೆ ಕೊಳ್ಳುವ ದಿನವೇ ತಿಳಿಯುತ್ತದೆ; ಅದರ ಯೋಗ್ಯತೆ ತಿಳಿಯುವುದು ವರ್ಷಗಳು ಕಳೆದ ಮೇಲೆ. ಹಿಂದಿನವರು ಹಿತ್ತಾಳೆಯ ಪಾತ್ರೆ ಕೊಳ್ಳುವಾಗ ಹೊಳಪಿಗಿಂತ ತೂಕವನ್ನು ನೋಡುತ್ತಿದ್ದರು. ಅದೇ ವಿವೇಕ ಇಂದಿನ ಯಂತ್ರಗಳಿಗೂ ಸಲ್ಲಬೇಕು. ಬಿಡಿಭಾಗಗಳನ್ನು ಆರಿಸಿ ಜೋಡಿಸಿದ, ಆಟಕ್ಕೆ ಯೋಗ್ಯವಾದ ಗಣಕಯಂತ್ರವೊಂದು ಬೇಕೆಂದು ಮಗ ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಬೇಡವೆಂದು ಗದರಿಸುತ್ತಾರೆ, ಇಲ್ಲವೇ ಹಣ ಕೊಟ್ಟು ಸುಮ್ಮನಾಗುತ್ತಾರೆ. ಎರಡರಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ಮಗನೊಡನೆ ಕುಳಿತು ಆಯ್ಕೆ ಮಾಡುವುದು ಮೂರನೆಯ ಮಾರ್ಗ.

ಬೆಂಗಳೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಇದಕ್ಕಾಗಿ ತೆಗೆದಿರಿಸಲಾಗಿದೆ. ಮಗಳ ಕಾಲೇಜಿನ ಶುಲ್ಕವೂ ಅದೇ ಉಳಿತಾಯದಿಂದ ಬರಬೇಕು. ಆದ್ದರಿಂದ ಮೂರು ವರ್ಷಗಳಲ್ಲಿ ಈ ಯಂತ್ರ ಮತ್ತೊಂದು ಲಕ್ಷವನ್ನು ಬೇಡುವಂತಿಲ್ಲ. ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೊರಡುವ ಮೊದಲು ಮಗ ಬರೆದ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆ. ಬಣ್ಣದ ದೀಪಗಳುಳ್ಳ ಗಾಜಿನ ಕ್ಯಾಬಿನೆಟ್ಟಿಗೂ ಸ್ಥಾನವಿದೆ. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮಾತ್ರ ಅತ್ಯಂತ ಅಗ್ಗದ್ದು. ಯಂತ್ರದ ವಿಷಯ ತಿಳಿಯದ ತಂದೆ ಒಂದೇ ಪ್ರಶ್ನೆ ಕೇಳುತ್ತಾನೆ: “ಇದರಲ್ಲಿ ಯಾವುದು ಕೆಟ್ಟರೆ ಉಳಿದದ್ದನ್ನೂ ಕೆಡಿಸುತ್ತದೆ?” ಮಗ ತುಸು ಯೋಚಿಸಿ ಹೇಳುತ್ತಾನೆ: “ಎಸ್‌ಎಂಪಿಎಸ್, ಅಪ್ಪ.” ಪಟ್ಟಿ ಅಲ್ಲಿಂದ ಬದಲಾಗತೊಡಗುತ್ತದೆ.

ಈ ಪ್ರಶ್ನೆಯಲ್ಲಿ ಸಾರವಿದೆ. ಎಸ್‌ಎಂಪಿಎಸ್ ಯಾರ ಕಣ್ಣಿಗೂ ಬೀಳದ ಪೆಟ್ಟಿಗೆ. ಆದರೆ ಪ್ರತಿಯೊಂದು ಭಾಗವೂ ಅದನ್ನೇ ಆಶ್ರಯಿಸಿದೆ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಶಾಖದಿಂದ ಕ್ಷಯಿಸುತ್ತವೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ತಗ್ಗಿದರೆ ಅವುಗಳ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಈ ಶತಮಾನದ ಮೊದಲ ವರ್ಷಗಳಲ್ಲಿ ದೋಷಯುಕ್ತ ಕೆಪಾಸಿಟರುಗಳು ಉಬ್ಬಿ, ಅಸಂಖ್ಯ ಮದರ್‌ಬೋರ್ಡುಗಳು ಅಕಾಲದಲ್ಲಿ ಹಾಳಾದವು. 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನು ಕಂಡು ಬಾಳಿಕೆಯ ಪ್ರಮಾಣವೆಂದು ಭ್ರಮಿಸಬಾರದು. ಅದು ವಿದ್ಯುತ್ತಿನ ಸದ್ಬಳಕೆಯನ್ನು ಮಾತ್ರ ಸೂಚಿಸುತ್ತದೆ. ಉತ್ತಮ ಘಟಕಗಳಿಗೆ 10 ವರ್ಷಗಳ ವಾರಂಟಿ ದೊರೆಯುತ್ತದೆ. ತಯಾರಕನು ತನ್ನ ಮಾತಿಗೆ ಎಷ್ಟು ಕಾಲ ಬದ್ಧನೆಂಬುದು ಅದರಿಂದ ತಿಳಿಯುತ್ತದೆ.

ಎರಡನೆಯದು ಮದರ್‌ಬೋರ್ಡ್. ಇಂದು ಯಾವ ಪ್ರೊಸೆಸರನ್ನು ಕೂರಿಸಬಹುದೆಂದು ಕೇಳುವುದಷ್ಟೇ ಸಾಲದು. ಐದು ವರ್ಷಗಳ ನಂತರ ಯಾವುದನ್ನು ಕೂರಿಸಬಹುದೆಂದೂ ಕೇಳಬೇಕು. 2017ರಲ್ಲಿ ಎಎಂಡಿ ಕಂಪನಿಯ ಎಎಂ4 ಸಾಕೆಟ್ಟುಳ್ಳ ಬೋರ್ಡನ್ನು ಕೊಂಡವರಲ್ಲಿ ಹಲವರು, ಬಯೋಸ್ ತಂತ್ರಾಂಶವನ್ನು ನವೀಕರಿಸಿ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಅಳವಡಿಸಿಕೊಂಡರು. ಇಂಟೆಲ್ ಕಂಪನಿಯ ಸಾಕೆಟ್ಟುಗಳು 2020, 2021 ಮತ್ತು 2024ರಲ್ಲಿ ಬದಲಾದವು. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬುದು ಇದರ ಅರ್ಥವಲ್ಲ. ಮುಂದಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿದು ಕೊಳ್ಳಬೇಕೆಂಬುದಷ್ಟೇ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ವೇಗಕ್ಕಿಂತ ಮೊದಲು ಮೆಮೊರಿಯನ್ನು ಗಮನಿಸುವುದು ಲೇಸು. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಕಾರ್ಡು 8 ಗಿಗಾಬೈಟ್ ಮತ್ತು 16 ಗಿಗಾಬೈಟ್ ಎಂಬ ಎರಡು ರೂಪಗಳಲ್ಲಿದೆ, ಚಿಪ್ ಒಂದೇ. ಆಟಗಳು ಹಿರಿದಾದಂತೆ ಮೊದಲು ಸೋಲುವುದು ಕಡಿಮೆ ಮೆಮೊರಿಯುಳ್ಳದ್ದು. ಕ್ಯಾಬಿನೆಟ್ಟಿಗೆ ದೀಪಗಳು ಬೇಕಿಲ್ಲ. ಗಾಳಿ ಸರಾಗವಾಗಿ ಆಡಬೇಕು, ಧೂಳು ತಡೆಯುವ ಜಾಲರಿಯನ್ನು ಬಿಚ್ಚಿ ತೊಳೆಯುವಂತಿರಬೇಕು. 1995ರಲ್ಲಿ ರೂಪುಗೊಂಡ ಎಟಿಎಕ್ಸ್ ಅಳತೆ ಇಂದಿಗೂ ಬಳಕೆಯಲ್ಲಿರುವುದರಿಂದ, ಒಳ್ಳೆಯ ಕ್ಯಾಬಿನೆಟ್ ಒಂದು ಎರಡು ಮೂರು ಮದರ್‌ಬೋರ್ಡುಗಳ ಕಾಲ ಬಾಳಬಲ್ಲದು.

ಆದರೆ ಯಂತ್ರಗಳು ಕೆಟ್ಟೇ ಕಸವಾಗುತ್ತವೆಂದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು; ವಿಂಡೋಸ್ 11ರ ನಿಬಂಧನೆಗಳಿಗೆ ಹೊಂದದ ಎಷ್ಟೋ ಸುಸ್ಥಿತಿಯ ಯಂತ್ರಗಳು ಹಳತೆನಿಸಿಕೊಂಡವು. ಲಿನಕ್ಸ್ ಅಳವಡಿಸಿದರೆ ಅವುಗಳಲ್ಲಿ ಅನೇಕವು ಮಕ್ಕಳ ಓದಿಗೆ, ಸಂಸ್ಥೆಗಳ ಲೆಕ್ಕಪತ್ರಗಳಿಗೆ ಇನ್ನೂ ಒದಗುತ್ತವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಸಂದದ್ದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಬಹುಭಾಗದ ಸೀಸ, ಪಾದರಸಗಳ ವಿಷವನ್ನು ಯಾವುದೋ ನೆಲ, ಯಾವುದೋ ನೀರು, ಯಾರದೋ ಬರಿಗೈಗಳು ಭರಿಸಬೇಕು.

ಎಷ್ಟು ಜಾಣತನದಿಂದ ಆರಿಸಿದರೂ, ಹೊಸ ಮಾದರಿ ಬಂದೊಡನೆ ಹಳತನ್ನು ತಿರಸ್ಕರಿಸುವ ಮನಸ್ಸಿಗೆ ಯಾವ ಯಂತ್ರವೂ ಬಾಳಿಕೆ ಬರುವುದಿಲ್ಲ. ಆಟದ ದೃಶ್ಯವನ್ನು ಒಂದು ಮೆಟ್ಟಿಲು ಇಳಿಸಿಕೊಂಡು ಸಂತೋಷದಿಂದ ಆಡಬಲ್ಲ ಹುಡುಗನ ಗಣಕಯಂತ್ರ ಎರಡು ವರ್ಷ ಹೆಚ್ಚು ಬಾಳುತ್ತದೆ. ಆದುದರಿಂದ ಕೊಳ್ಳುವ ದಿನವೇ ತಂದೆಮಕ್ಕಳು ಎರಡು ಮಾತುಗಳನ್ನು ನಿಶ್ಚಯಿಸಿಕೊಳ್ಳುವುದು ಒಳಿತು: ಕೆಟ್ಟ ಭಾಗವನ್ನಷ್ಟೇ ಬದಲಿಸುವುದು, ಮನೆಗೆ ಸಾಕಾದದ್ದನ್ನು ಮತ್ತೊಬ್ಬರಿಗೆ ಒದಗಿಸುವುದು. ಹಾಗೆ ನಿಶ್ಚಯಿಸಿದ ಮನೆಯಲ್ಲಿ ಮಗನಿಗೆ ಯಂತ್ರದೊಂದಿಗೆ ಮಿತಿಯ ಅರಿವೂ ದೊರೆಯುತ್ತದೆ. ಮಗಳ ಶುಲ್ಕಕ್ಕೆಂದು ಇಟ್ಟ ಹಣವೂ ಉಳಿಯುತ್ತದೆ.