ಅರಸರು ಹೋದರು, ಮಂದಿ ಉಳಿದರು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಸಂತೆಯಲ್ಲಿ ಅರ್ಧ ತಾಸು ನಿಂತರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲವೂ ಕಿವಿಗೆ ಬೀಳುತ್ತವೆ. ಚಿಗಳ್ಳಿಯಿಂದ ಸಂತೆಗೆ ಬಂದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ನನಗಂತೂ ಈ ಸೀಮೆಯ ಚರಿತ್ರೆಯೆಲ್ಲ ಆ ಗದ್ದಲದಲ್ಲೇ ಇದೆ ಅನಿಸುತ್ತದೆ.

ಅರಸರ ಪಟ್ಟಿಯೇನೋ ಉದ್ದಕ್ಕಿದೆ. ಬನವಾಸಿ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರ, ಸೋಂದೆ. 1763ರ ಸುಮಾರಿಗೆ ಹೈದರಾಲಿ ಬಂದ. ಸೋಂದೆಯ ದೊರೆ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಹಿಡಿದ. 1799ರಲ್ಲಿ ಇಂಗ್ಲಿಷರು. ಅವರು ಮದ್ರಾಸಿಗೆ ಸೇರಿಸಿದ್ದ ಜಿಲ್ಲೆಯನ್ನು 1862ರಲ್ಲಿ ಮುಂಬಯಿಗೆ ಒಪ್ಪಿಸಿದರು. 1956ಕ್ಕೆ ಮೈಸೂರು ರಾಜ್ಯ.

ಪೋಲೆಂಡಿನ ಸೈಲೀಸಿಯಾ ಪ್ರಾಂತವೂ ಹೀಗೆಯೇ ಕೈ ಬದಲಿಸಿದ ನೆಲ. ಪಿಯಾಸ್ಟ್ ದೊರೆಗಳು, ಬೊಹೆಮಿಯಾ, ಹ್ಯಾಬ್ಸ್‌ಬರ್ಗರು, ಪ್ರಶ್ಯಾ. 1945ರಲ್ಲಿ ಗಡಿ ಸರಿದಾಗ ಅಲ್ಲಿ ಲಕ್ಷಾಂತರ ಜರ್ಮನರನ್ನು ಎಬ್ಬಿಸಿ ಕಳಿಸಿದರು. ಪೂರ್ವದಿಂದ ಬಂದ ಪೋಲರು ಆ ಮನೆಗಳಿಗೆ ಹೊಕ್ಕರು. ನಮ್ಮಲ್ಲಿ ಆಳುವವರು ಬದಲಾದಾಗ ಹಾಗೆ ಊರಿಗೆ ಊರೇ ಬರಿದಾಗಲಿಲ್ಲ. ನಮ್ಮವರನ್ನು ಎಬ್ಬಿಸಿದ್ದು ನೀರು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟು ಸೂಪಾ ಪಟ್ಟಣವನ್ನೇ ನುಂಗಿತು.

ಇಲ್ಲಿಗೆ ಬಂದವರು ಕಾಡಂಚಿನಲ್ಲಿ ಜಾಗ ಮಾಡಿಕೊಂಡು ಉಳಿದರು. ಸಿದ್ದಿಗಳ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಹೊಕ್ಕರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಬಾರಿಸಿದಾಗ ಯಾರು ಯಾವ ದೇವರ ಒಕ್ಕಲೆಂದು ಕೇಳುವವರಿಲ್ಲ. ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಬೇಕು. ಹಳೇ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ‘ಫೂಲ’ ಇಡದಿದ್ದರೆ ಕೌದಿ ಬತ್ತಲೆಯಂತೆ!

ಗೌಳಿಗಳು ಎಮ್ಮೆಗಳನ್ನು ಹೊಡೆದುಕೊಂಡು ಬಂದರು. ಜೋಯಿಡಾದ ಕುಣಬಿಗಳು ಕಾಡಿನ ನಡುವೆ ಗೆಡ್ಡೆಗೆಣಸಿನ ತಳಿಗಳನ್ನು ಕಾಪಾಡಿಕೊಂಡು ಬಂದರು. 1966ರಲ್ಲಿ ಟಿಬೆಟನ್ನರಿಗೆ ಮುಂಡಗೋಡದಲ್ಲಿ ನೆಲೆ ಸಿಕ್ಕಿತು. ಡ್ರೆಪುಂಗ್, ಗಾಂಡೆನ್ ಮಠಗಳು ಇಲ್ಲಿ ಮತ್ತೆ ಎದ್ದವು.

ಇಲ್ಲಿಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಗೌಳಿಗಳು, ಕುಣಬಿಗಳು ಅದೇ ಮಾನ್ಯತೆಗಾಗಿ ವರ್ಷಗಳಿಂದ ಓಡಾಡಿದ್ದಾರೆ. ಅರಸರಿಗೆ ಪಠ್ಯದಲ್ಲಿ ಬೇಕಾದಷ್ಟು ಪುಟ ಕೊಟ್ಟಿದ್ದೇವೆ. ಕನಿಷ್ಠ ಈ ಜಿಲ್ಲೆಯ ಶಾಲೆಗಳಲ್ಲಾದರೂ ಈ ಮಂದಿಯ ಮೇಲೆ ಒಂದು ಪಾಠ ಬರಲಿ. ಅದನ್ನು ಬರೆಯುವ ಮೊದಲು ಅವರನ್ನೇ ಕೂರಿಸಿ ಕೇಳಿ.