ಬೆಳೆಯಲೊಲ್ಲದ ಮೀನಖಂಡ

ಮನುಷ್ಯನ ಅವಯವಗಳಲ್ಲಿ ಕೆಲವು ಅವನ ಕಣ್ಣಿಗೇ ಬೀಳುವಂಥವು, ಕೆಲವು ಲೋಕದ ಕಣ್ಣಿಗೆ ಬೀಳುವಂಥವು. ತೋಳನ್ನು ಮಡಿಸಿ ಕನ್ನಡಿಯ ಮುಂದೆ ನಿಂತರೆ ಅದರ ಉಬ್ಬು ಒಡೆಯನಿಗೇ ಮೊದಲು ಕಾಣುತ್ತದೆ; ಎದೆಯ ಹರವೂ ಹಾಗೆಯೇ. ಆದರೆ ಮೊಳಕಾಲಿನ ಕೆಳಗೆ, ಹಿಂಬದಿಯಲ್ಲಿ, ಯಾರಿಗೂ ಬೇಡವಾದ ನೆಂಟನಂತೆ ಕುಳಿತಿರುವ ಮೀನಖಂಡವನ್ನು ಅದರ ಒಡೆಯ ನೋಡುವುದು ಅಪರೂಪ. ಅವನ ಹಿಂದೆ ನಡೆದು ಬರುವವರು ಮಾತ್ರ ಅದನ್ನು ದಿನವೂ ನೋಡುತ್ತಾರೆ. ಆದ್ದರಿಂದಲೇ ಇರಬೇಕು, ವ್ಯಾಯಾಮಕ್ಕೆ ತೊಡಗಿದ ತರುಣರು ಮೊದಲ ವರ್ಷ ತೋಳಿಗಾಗಿ ದುಡಿಯುತ್ತಾರೆ, ಎರಡನೆಯ ವರ್ಷ ಎದೆಗಾಗಿ ದುಡಿಯುತ್ತಾರೆ; ಮೂರನೆಯ ವರ್ಷ ಯಾರೋ ಹಿಂದಿನಿಂದ 'ಕೊಕ್ಕರೆ ಕಾಲು' ಎಂದು ನಕ್ಕ ಮೇಲೆ ಮೀನಖಂಡವನ್ನು ನೆನೆಯುತ್ತಾರೆ. ನೆನೆದ ಮೇಲೂ ಅದು ಬೇಗನೆ ಒಲಿಯುವುದಿಲ್ಲ. ದೇಹದಲ್ಲಿ ಇಷ್ಟು ಹಟಮಾರಿಯಾದ ಮಾಂಸಖಂಡ ಮತ್ತೊಂದಿಲ್ಲವೆಂದು ವ್ಯಾಯಾಮಶಾಲೆಗಳಲ್ಲಿ ಪ್ರತೀತಿ.

ಹೆಸರಿಗೇನೋ ಅದು ಬಡವನಲ್ಲ. ಸಂಸ್ಕೃತದವರು ಅದರಲ್ಲಿ ಉಂಡೆಯನ್ನು ಕಂಡು 'ಪಿಂಡಿಕಾ' ಎಂದರು. ಕನ್ನಡಿಗರು ಮೀನಿನ ಆಕಾರವನ್ನು ಕಂಡು ಮೀನಖಂಡವೆಂದರು. ಗ್ರೀಕರಿಗೆ ಅದು 'ಕಾಲಿನ ಹೊಟ್ಟೆ'ಯಾಗಿ ತೋರಿತು. ಇಂದಿಗೂ ವೈದ್ಯಶಾಸ್ತ್ರ ಬಳಸುವ ಗ್ಯಾಸ್ಟ್ರೊಕ್ನೀಮಿಯಸ್ ಎಂಬ ಹೆಸರಿನ ಅರ್ಥ ಅದೇ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಅಡಗಿರುವ ಇನ್ನೊಂದು ಮಾಂಸಖಂಡಕ್ಕೆ ಸೋಲಿಯಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಪಾದರಕ್ಷೆ ಎಂದು ಅರ್ಥ. ಪಾದರಕ್ಷೆಯಂತೆ ಚಪ್ಪಟೆಯಾದ ಒಂದು ಜಾತಿಯ ಮೀನಿಗೂ ಅದೇ ಹೆಸರು. ಹೀಗೆ ಎಲ್ಲಿಯೋ ಇದ್ದ ರೋಮನರ ಮಾತೂ ಕನ್ನಡಿಗರ ಮಾತೂ ಒಂದೇ ಕಾಲಿನಲ್ಲಿ ಮೀನನ್ನು ಕಂಡದ್ದು ಭಾಷೆಯ ಸೋಜಿಗಗಳಲ್ಲೊಂದು.

ಈ ಎರಡು ಮಾಂಸಖಂಡಗಳ ಸ್ವಭಾವವನ್ನು ತಿಳಿದರೆ ಹಟದ ಕಾರಣವೂ ತಿಳಿಯುತ್ತದೆ. ಮೇಲಿನದಕ್ಕೆ ಎರಡು ತಲೆಗಳು. ಅವು ತೊಡೆಯೆಲುಬಿನ ಕೆಳತುದಿಯಿಂದ ಹೊರಟು ಮೊಳಕಾಲನ್ನು ದಾಟಿ ಇಳಿಯುತ್ತವೆ. ಕೆಳಗಿನ ಸೋಲಿಯಸ್ ಮೊಳಕಾಲಿನ ಕೆಳಗೇ ಹುಟ್ಟುತ್ತದೆ. ಎರಡೂ ಕೊನೆಗೆ ಒಂದೇ ದಪ್ಪನಾದ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬನ್ನು ಹಿಡಿಯುತ್ತವೆ. ದೇಹದ ಸ್ನಾಯುರಜ್ಜುಗಳಲ್ಲೆಲ್ಲ ಬಲಿಷ್ಠವಾದ ಇದಕ್ಕೆ ಗ್ರೀಕ್ ವೀರ ಅಕಿಲೀಸನ ಹೆಸರಿಟ್ಟಿರುವುದು ವಿಚಿತ್ರ. ಅವನು ಸತ್ತದ್ದೇ ಹಿಮ್ಮಡಿಗೆ ಬಾಣ ತಗುಲಿ. ಮಹಾಭಾರತದ ಮೌಸಲಪರ್ವದಲ್ಲಿ ಶ್ರೀಕೃಷ್ಣನ ಅವತಾರ ಸಮಾಪ್ತಿಗೂ ಜರನೆಂಬ ಬೇಡನ ಬಾಣ ನಾಟಿದ್ದು ಪಾದಕ್ಕೇ. ದೇವರಿಗೂ ವೀರರಿಗೂ ಕಾಲಿನ ಕೆಳಭಾಗವೇ ಮರ್ಮಸ್ಥಾನವಾಗಿದ್ದಾಗ ಸಾಮಾನ್ಯರ ಪಾಡೇನು?

ಮನುಷ್ಯ ಎದ್ದು ನಿಂತ ಗಳಿಗೆಯಿಂದ ಮಲಗುವವರೆಗೆ ಸೋಲಿಯಸ್‌ಗೆ ಬಿಡುವಿಲ್ಲ. ದೇಹ ಮುಂದಕ್ಕೆ ವಾಲದಂತೆ ಹಿಡಿದು ನಿಲ್ಲಿಸುವುದು ಅದರ ಕಾಯಕ. ದಣಿವನ್ನು ತಡೆಯಬಲ್ಲ ನಿಧಾನಗತಿಯ ತಂತುಗಳೇ ಅದರಲ್ಲಿ ಹೆಚ್ಚು. ದಿನವೂ ಸಾವಿರಾರು ಹೆಜ್ಜೆಗಳಲ್ಲಿ ಇಡೀ ದೇಹದ ಭಾರವನ್ನು ಒಂದೊಂದೇ ಕಾಲಿನಿಂದ ಎತ್ತಿ ಇಳುಹುವ ಈ ದುಡಿಮೆಗಾರನ ಮುಂದೆ ಹತ್ತು ನಿಮಿಷದ ಹಗುರ ಕಸರತ್ತು ಎಷ್ಟರದು? ಮನೆಯಲ್ಲಿ ಎಲ್ಲ ಕೆಲಸವನ್ನೂ ಮಾಡುವ ಹಿರಿಯ ಸೊಸೆಗೆ ಇನ್ನೊಂದು ಕೊಡ ನೀರು ತರಲು ಹೇಳಿದಂತೆ, ಅದು ಆ ಕೆಲಸವನ್ನೂ ಮಾಡಿ ಮುಗಿಸುತ್ತದೆ. ಮಾಡಿದ್ದರ ಗುರುತನ್ನು ಮಾತ್ರ ತೋರಿಸುವುದಿಲ್ಲ.

ಈ ಹಟದೊಡನೆ ಹೋರಾಡಿದವರಲ್ಲಿ ಜಗತ್ತೇ ಬಲ್ಲವನೊಬ್ಬನಿದ್ದಾನೆ. ಆರ್ನಾಲ್ಡ್ ಶ್ವಾರ್ಜ್‌ನೆಗರ್ 1947ರಲ್ಲಿ ಆಸ್ಟ್ರಿಯಾದ ಥಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಹರ್ಕ್ಯುಲಿಸನ ಪಾತ್ರದಲ್ಲಿ ಮೆರೆದ ರೆಜ್ ಪಾರ್ಕ್‌ನ ಚಲಚ್ಚಿತ್ರಗಳನ್ನು ನೋಡಿ ತಾನೂ ಹಾಗಾಗಬೇಕೆಂದು ಹೊರಟ ಆ ಹುಡುಗನಿಗೆ ತೋಳು, ಎದೆಗಳು ಬೇಗನೆ ಒಲಿದುವು, ಮೀನಖಂಡಗಳು ಒಲಿಯಲಿಲ್ಲ. ಆ ದಿನಗಳಲ್ಲಿ ಛಾಯಾಚಿತ್ರ ತೆಗೆಯಿಸಿಕೊಳ್ಳುವಾಗ ಅವನು ನೀರಿನಲ್ಲಿ ಇಳಿದು ನಿಲ್ಲುತ್ತಿದ್ದನಂತೆ. ನೋಡುವವರು ಅದನ್ನು ಜಲಕ್ರೀಡೆಯೆಂದು ತಿಳಿಯಲಿ, ಕಾಲು ಮಾತ್ರ ಕಾಣದಿರಲಿ ಎಂಬುದು ಉಪಾಯ. ಆದರೆ ಸ್ಪರ್ಧೆಯ ವೇದಿಕೆಯ ಮೇಲೆ ನೀರೆಲ್ಲಿಂದ ಬರಬೇಕು? 1966ರಲ್ಲಿ ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಅವನು ಚೆಟ್ ಯಾರ್ಟನ್ ಎಂಬ ಅಮೆರಿಕನ್ನನಿಗೆ ಸೋತು ಎರಡನೆಯವನಾದ. ಕಾಲುಗಳ ಕೊರತೆ ಅಲ್ಲಿ ಎಲ್ಲರ ಕಣ್ಣಿಗೂ ಬಿತ್ತು.

ಮರುವರ್ಷ ಅವನು ಆ ಪ್ರಶಸ್ತಿಯನ್ನು ಗೆದ್ದನೆಂಬುದು ನಿಜ. ಆದರೂ ಮನಸ್ಸಿನ ಕೊರಗು ಹೋಗಲಿಲ್ಲ. ಮುಂದೆ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ರೆಜ್ ಪಾರ್ಕ್‌ನ ಬಳಿಗೆ ಹೋದಾಗ ಅವನೊಂದು ಸಂಗತಿಯನ್ನು ಕಂಡ. 1951, 1958 ಮತ್ತು 1965ರಲ್ಲಿ ಮೂರು ಬಾರಿ ಮಿಸ್ಟರ್ ಯೂನಿವರ್ಸ್ ಆಗಿದ್ದ ಆ ಹಿರಿಯ ಹಿಮ್ಮಡಿಯೆತ್ತುವ ವ್ಯಾಯಾಮಕ್ಕೆ ಹೂಡುತ್ತಿದ್ದುದು ಸುಮಾರು 1,000 ಪೌಂಡುಗಳ ಭಾರ, ಎಂದರೆ 450 ಕಿಲೋಗ್ರಾಮಿಗೂ ಮಿಗಿಲು. ಶಿಷ್ಯ ಅದುವರೆಗೆ ಅದರ ಅರ್ಧದಷ್ಟರಿಂದಲೇ ತೃಪ್ತನಾಗಿದ್ದ. ದಿನವೂ ದೇಹವನ್ನು ಹೊರುವ ಕಾಲಿಗೆ ಅಲ್ಪ ಭಾರ ಭಾರವೇ ಅಲ್ಲವೆಂದು ಅಂದು ಅವನಿಗೆ ಮನವರಿಕೆಯಾಯಿತು.

ಊರಿಗೆ ಮರಳಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಭಾರವನ್ನು ಏರಿಸುವುದಲ್ಲ. ವ್ಯಾಯಾಮಕ್ಕೆ ತೊಡುತ್ತಿದ್ದ ಷರಾಯಿಗಳನ್ನೆಲ್ಲ ಮೊಳಕಾಲಿನ ಬಳಿ ಕತ್ತರಿಸಿಹಾಕಿದ. ಅದುವರೆಗೆ ಮುಚ್ಚಿಟ್ಟಿದ್ದ ಕೊರತೆ ಅಂದಿನಿಂದ ವ್ಯಾಯಾಮಶಾಲೆಗೆ ಬರುವ ಪ್ರತಿಯೊಬ್ಬನ ಕಣ್ಣಿಗೂ ಬೀಳತೊಡಗಿತು. ನಗುವವರು ನಕ್ಕರು. ಆ ನಗೆ ತನ್ನನ್ನು ದಿನವೂ ಚುಚ್ಚಲಿ ಎಂಬುದೇ ಅವನ ಬಯಕೆಯಾಗಿತ್ತು. ಬಳಿಕ ಬೇರೆ ವ್ಯಾಯಾಮಗಳೆಲ್ಲ ಮುಗಿದ ಮೇಲೆ ಉಳಿದ ಬಲದಲ್ಲಿ ಮೀನಖಂಡಕ್ಕೆ ಕೈಯಿಕ್ಕುವ ಪದ್ಧತಿ ನಿಂತಿತು. ಶಕ್ತಿ ತುಂಬಿರುವಾಗಲೇ ಅದರ ಸರದಿ ಬಂದಿತು. ಸೊಂಟವನ್ನು ಬಾಗಿಸಿ ನಿಂತು, ಬೆನ್ನಿನ ಮೇಲೆ ಗೆಳೆಯರನ್ನು ಕೂರಿಸಿಕೊಂಡು, ಕತ್ತೆಯಂತೆ ಹೊತ್ತು ಹಿಮ್ಮಡಿಯೆತ್ತುವ ಕಸರತ್ತನ್ನೂ ಅವನು ಮಾಡುತ್ತಿದ್ದ. 1970ರಲ್ಲಿ ಅವನು ಮೊದಲ ಸಲ ಮಿಸ್ಟರ್ ಒಲಿಂಪಿಯ ಆದಾಗ ಕಾಲನ್ನು ಮರೆಸಲು ನೀರು ಬೇಕಾಗಿರಲಿಲ್ಲ.

ಕರ್ನಾಟಕದಲ್ಲಿಯೂ ದೇಹವನ್ನು ಶಿಲ್ಪಿಯ ಕಣ್ಣಿನಿಂದ ನೋಡಿದವರು ಇಲ್ಲದಿಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪ್ರಿಯರಾದ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಗಸೌಷ್ಠವವನ್ನು ಕಲೆಯೆಂದೇ ಕಲಿಸಿದವರು. ಅಮೆರಿಕದ ಸ್ಟೀವ್ ರೀವ್ಸ್ ಕುತ್ತಿಗೆ, ತೋಳು, ಮೀನಖಂಡ ಈ ಮೂರರ ಸುತ್ತಳತೆಯೂ ಒಂದೇ ಆಗಿರಬೇಕೆಂದು ಸಾರಿದ. ಈ ಅಳತೆಯನ್ನು ಹಿಡಿದು ಹೊರಟರೆ ಪೇಟೆಯ ಬಹುಮಂದಿ ತರುಣರ ಕುತ್ತಿಗೆ, ತೋಳು ಪಾಸಾಗಿ ಕಾಲು ನಪಾಸಾಗುವುದು ಖಂಡಿತ.

ಹಾಗಾದರೆ ಮಾಡಬೇಕಾದುದೇನು? ಮನೆಯ ಮೆಟ್ಟಿಲೊಂದು, ಹಿಡಿದುಕೊಳ್ಳಲು ಗೋಡೆಯೊಂದು ಇದ್ದರೆ ಆರಂಭಕ್ಕೆ ಸಾಕು. ಪಾದದ ಮುಂಭಾಗವನ್ನು ಮಾತ್ರ ಮೆಟ್ಟಿಲ ಅಂಚಿನ ಮೇಲಿಟ್ಟು, ಮೊಳಕಾಲನ್ನು ನೇರವಾಗಿರಿಸಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಬಿಡಬೇಕು. ಮೀನಖಂಡ ಚೆನ್ನಾಗಿ ಸೆಳೆದಂತಾದಾಗ ಒಂದೆರಡು ಕ್ಷಣ ಅಲ್ಲಿಯೇ ತಡೆದು, ಬಳಿಕ ನಿಧಾನವಾಗಿ ತುದಿಗಾಲಿನ ಮೇಲೆ ಏರಬೇಕು. ಆ ತಡೆಯುವಿಕೆಯಲ್ಲಿಯೇ ಗುಟ್ಟು ಅಡಗಿದೆ. ಹಿಮ್ಮಡಿಯ ಸ್ನಾಯುರಜ್ಜು ಸ್ಪ್ರಿಂಗಿನಂಥದು. ಚೆಂಡಿನಂತೆ ಪುಟಿಯುತ್ತಾ ಏರಿಳಿದರೆ ಕೆಲಸವನ್ನು ಅದೇ ಮಾಡಿ ಮುಗಿಸುತ್ತದೆ, ಮಾಂಸಖಂಡ ಆರಾಮವಾಗಿರುತ್ತದೆ. ಎರಡು ಕಾಲಿಗೆ ಸುಲಭವಾದ ಮೇಲೆ ಒಂದೇ ಕಾಲಿನಲ್ಲಿ, ಅದೂ ಸುಲಭವಾದ ಮೇಲೆ ಕೈಯಲ್ಲಿ ಭಾರ ಹಿಡಿದು ಮುಂದುವರಿಯಬೇಕು. ಇನ್ನೊಂದೆರಡು ಸಲಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎನ್ನಿಸುವವರೆಗೆ ಮಾಡಿ, ವಿರಮಿಸಿ, ಮತ್ತೆ ಮೂರು ನಾಲ್ಕು ಸರದಿ. ವಾರಕ್ಕೆ ಎರಡು ಮೂರು ದಿನ ಹೀಗೆ ನಡೆದರೆ ಸಾಕು. ಮೊದಲ ಸಲವೇ ಅತಿಯಾಗಿ ಮಾಡಿದವರು ಮರುದಿನ ಮಹಡಿಯಿಂದ ಇಳಿಯುವಾಗ ದೇವರನ್ನು ನೆನೆಯುತ್ತಾರೆ. ಹಿಮ್ಮಡಿಯ ರಜ್ಜುವಿನಲ್ಲಿಯೇ ನೋವು ಹುಟ್ಟಿದರೆ ಭಾರವನ್ನು ಇಳಿಸುವುದು ವಿವೇಕ.

ಮೊಳಕಾಲನ್ನು ನೇರವಾಗಿಡಬೇಕೆಂಬುದು ಬರಿಯ ಶಿಸ್ತಿನ ಮಾತಲ್ಲ. 2023ರಲ್ಲಿ ಪ್ರಕಟವಾದ ಜಪಾನೀ ವಿಜ್ಞಾನಿಗಳ ಪ್ರಯೋಗವೊಂದರಲ್ಲಿ ಒಬ್ಬೊಬ್ಬರೂ ಒಂದು ಕಾಲಿಗೆ ಮೊಳಕಾಲನ್ನು ನೇರವಾಗಿಟ್ಟು ನಿಂತೂ, ಇನ್ನೊಂದಕ್ಕೆ ಅದನ್ನು ಮಡಿಸಿ ಕುಳಿತೂ ಹನ್ನೆರಡು ವಾರ ಈ ವ್ಯಾಯಾಮವನ್ನು ಮಾಡಿದರು. ನಿಂತು ಮಾಡಿದ ಕಾಲಿನಲ್ಲಿ ಮೇಲಿನ ಮಾಂಸಖಂಡದ ಹೊರತಲೆ ನೂರಕ್ಕೆ ಸುಮಾರು 12ರಷ್ಟೂ ಒಳತಲೆ ಸುಮಾರು 9ರಷ್ಟೂ ಬೆಳೆದುವು. ಕುಳಿತು ಮಾಡಿದ ಕಾಲಿನಲ್ಲಿ ಆ ಬೆಳವಣಿಗೆ ನೂರಕ್ಕೆ 2ನ್ನೂ ಮುಟ್ಟಲಿಲ್ಲ. ಮೊಳಕಾಲು ಮಡಿಸಿದಾಗ ಮೇಲಿನ ಮಾಂಸಖಂಡ ಸಡಿಲಗೊಳ್ಳುವುದೇ ಇದಕ್ಕೆ ಕಾರಣ. ಸೋಲಿಯಸ್ ಮಾತ್ರ ಎರಡು ಕಾಲಿನಲ್ಲಿಯೂ ಎರಡು ಮೂರರಷ್ಟೇ ಬೆಳೆದು ತನ್ನ ಹಟವನ್ನು ಉಳಿಸಿಕೊಂಡಿತು.

ಇಷ್ಟೆಲ್ಲ ಮಾಡಿದರೂ ಕಾಲು ಬೆಳೆಯದವರುಂಟು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಚಡ್ಡಿ ತೊಡಬೇಕಾದೀತೆಂದು ಕಬಡ್ಡಿಯ ತಂಡವನ್ನೇ ಬಿಟ್ಟು, ಅಳತೆಪಟ್ಟಿ ಹಿಡಿದು ಕೂತು ಕಣ್ಣಲ್ಲಿ ನೀರು ತಂದುಕೊಂಡರೆ, ಅವನ ತಾಯಿ ಅಡಿಗೆಮನೆಯಿಂದಲೇ, "ನಿಮ್ಮ ತಾತನ ಕಾಲೂ ಹೀಗೇ ಇತ್ತು ಕಣೋ, ಅವರೇನು ನಡೆಯಲಿಲ್ಲವೆ?" ಎನ್ನುತ್ತಾಳೆ. ಹುಡುಗನಿಗೆ ಇದು ಸಮಾಧಾನವೆನಿಸದು. ಆದರೆ ಮಾತು ಶಾಸ್ತ್ರಸಮ್ಮತವಾದುದು. ಮಾಂಸ ಎಲ್ಲಿ ಮುಗಿದು ರಜ್ಜು ಎಲ್ಲಿ ಆರಂಭವಾಗಬೇಕೆಂಬುದು ವಂಶದಿಂದ ಬಂದ ಆಸ್ತಿ. ಮಾಂಸ ಉದ್ದವಾಗಿ ಕೆಳಗಿನವರೆಗೆ ಇಳಿದಿದ್ದವನಿಗೆ ಸ್ವಲ್ಪ ಶ್ರಮಕ್ಕೇ ಕಾಲು ತುಂಬಿಕೊಳ್ಳುತ್ತದೆ. ರಜ್ಜು ಉದ್ದವಾಗಿ ಮಾಂಸ ಗಿಡ್ಡವಾಗಿದ್ದವನು ಇರುವ ಮಾಂಸವನ್ನು ದಪ್ಪಗೊಳಿಸಬಹುದೇ ಹೊರತು ಉದ್ದಗೊಳಿಸಲಾರ. ವೇದಿಕೆಯ ಮೇಲೆ ಕೊರತೆಯೆನಿಸುವ ಆ ರಚನೆಯೇ ಓಟದ ಬಯಲಿನಲ್ಲಿ ಭಾಗ್ಯ. ಕೀನ್ಯಾ, ಇಥಿಯೋಪಿಯಗಳ ಹೆಸರಾಂತ ದೂರದೋಟಗಾರರ ಕಾಲುಗಳು ತೆಳ್ಳಗೆ ಜಿಂಕೆಯ ಕಾಲುಗಳಂತಿರುತ್ತವೆ. ತುದಿಯಲ್ಲಿ ಭಾರ ಕಡಿಮೆಯಾದಷ್ಟೂ ಕಾಲನ್ನು ಬೀಸಲು ತಗಲುವ ಶಕ್ತಿ ಕಡಿಮೆ. ಆ ಹುಡುಗ ತಂಡವನ್ನು ಬಿಡುವ ಮೊದಲು ಒಂದು ಸಲ ಓಡಿ ನೋಡಬಹುದಾಗಿತ್ತು.

ಗಾತ್ರದ ಮಾತನ್ನು ಬದಿಗಿಟ್ಟರೂ ಮೀನಖಂಡವನ್ನು ಅಲಕ್ಷಿಸುವಂತಿಲ್ಲ. ಹೃದಯದಿಂದ ಕಾಲಿಗೆ ಇಳಿದ ರಕ್ತ ಮತ್ತೆ ಮೇಲೇರಬೇಕಲ್ಲ? ಸಿರೆಗಳೊಳಗಿನ ಕವಾಟಗಳು ಅದನ್ನು ಕೆಳಕ್ಕೆ ಜಾರದಂತೆ ತಡೆಯುತ್ತವೆ; ಮೇಲಕ್ಕೆ ಒತ್ತುವ ಪಂಪು ಈ ಮೀನಖಂಡ. ಅದಕ್ಕಾಗಿಯೇ ಇದನ್ನು ಎರಡನೆಯ ಹೃದಯವೆಂದು ಕರೆಯುವ ವಾಡಿಕೆಯಿದೆ. ಕಛೇರಿಯ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲು ಅಲುಗಿಸದೆ ಕುಳಿತವರ ಪಾದ ಊದಿಕೊಳ್ಳುವುದು ಈ ಪಂಪು ನಿಂತುಹೋದುದರಿಂದ. ದೂರದ ಬಸ್ಸು, ವಿಮಾನಗಳ ಪ್ರಯಾಣದಲ್ಲಿ ಹಿಮ್ಮಡಿಯನ್ನು ಆಗಾಗ ಎತ್ತಿ ಇಳಿಸಬೇಕೆಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಅದನ್ನು ಎಣ್ಣೆ ಹಚ್ಚಿ ತಿಕ್ಕುತ್ತ ಕೂರಬಾರದು. ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಡಮಾಡದೆ ವೈದ್ಯರ ಬಳಿಗೆ ಹೋಗುವುದು ಪ್ರಾಣವನ್ನು ಉಳಿಸಿಕೊಳ್ಳುವ ಮಾತು.

ಶ್ರವಣಬೆಳಗೊಳದಲ್ಲಿ ನಡೆಯಲಾರದ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಬೆಟ್ಟವೇರುವವರಿದ್ದಾರೆ. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳನ್ನು ಪರರ ಭಾರದೊಡನೆ ದಿನಕ್ಕೆ ಹಲವು ಬಾರಿ ಹತ್ತುವ ಅವರ ಕಾಲನ್ನು ಅಳತೆಪಟ್ಟಿ ಹಿಡಿದು ನೋಡಿದವರಿಲ್ಲ. ಅವರಿಗೆ ಕಾಲು ದುಡಿಮೆಯ ಸಾಧನ. ಪೇಟೆಯ ತರುಣನಿಗೆ ಅದೇ ಕಾಲು ಒಮ್ಮೆ ನಾಚಿಕೆ, ಒಮ್ಮೆ ಹೆಮ್ಮೆ. ಫಲಕ್ಕಾಗಿ ತುದಿಗಾಲಿನ ಮೇಲೆ ನಿಂತು ಕಾಯುವುದೆಂಬ ಕನ್ನಡದ ನುಡಿಗಟ್ಟು ಅವನ ಪಾಲಿಗೆ ಅಕ್ಷರಶಃ ನಿಜ. ಅಳತೆಪಟ್ಟಿ ಅರ್ಧ ಅಂಗುಲ ಸರಿಯಲು ತಿಂಗಳುಗಳೇ ಹಿಡಿಯಬಹುದು; ಸರಿಯದೆಯೂ ಇರಬಹುದು. ಅಷ್ಟರಲ್ಲಿ ಮಹಡಿಯ ಮೆಟ್ಟಿಲು ಹತ್ತುವಾಗ ಹಿಂದಿದ್ದ ಏದುಸಿರು ಕಡಿಮೆಯಾಗಿರುತ್ತದೆ, ಬಸ್ಸಿಗೆ ಓಡುವಾಗ ಹೆಜ್ಜೆ ಚಿಮ್ಮುತ್ತಿರುತ್ತದೆ. ಅದು ಕನ್ನಡಿಯಲ್ಲಿ ಕಾಣುವುದಿಲ್ಲ, ನಿಜ. ಆದರೆ ಕಾಲಿನ ಒಡೆಯನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.