ಸ್ಟೀರಿಂಗ್ ಆಯಿಲ್ ಸೋರಿದರೆ ಮೊದಲು ಜಾಗ ಹುಡುಕಿ

ಕೊಟ್ಟಿಗೆಹಾರದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವವರು ಚಾರ್ಮಾಡಿ ಘಾಟಿ ಇಳಿಯಬೇಕು. ನಮ್ಮ ಚಿಕ್ಕಪ್ಪ ಹಳೆಯ ಡೀಸೆಲ್ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವ ನಮ್ಮೂರಿನ ಹಿರಿಯರೊಬ್ಬರು ಆ ಕಾರನ್ನೇ ನಂಬಿದ್ದಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಸ್ಟೀರಿಂಗ್ ಭಾರವಾಗತೊಡಗಿತು. ರಿವರ್ಸ್ ತೆಗೆಯುವಾಗ ಬಾನೆಟ್ ಒಳಗಿಂದ ಗುಂಯ್ ಎಂಬ ಸದ್ದು. ವಾರಕ್ಕೊಮ್ಮೆ ಪವರ್ ಸ್ಟೀರಿಂಗ್ ಡಬ್ಬಿಗೆ ಆಯಿಲ್ ಸುರಿಯಲೇಬೇಕು.

ಒಂದು ಗ್ಯಾರೇಜಿನವರು, "ಆಯಿಲ್ ಹಾಕ್ಕೊಂಡು ಓಡಿಸಿ ಅಣ್ಣ, ಏನಾಗಲ್ಲ" ಎಂದರು. ಇನ್ನೊಬ್ಬರು, "ರ‍್ಯಾಕ್ ಹೋಗಿದೆ, ಪೂರ್ತಿ ಹೊಸದೇ ಹಾಕಬೇಕು, 25 ಸಾವಿರ ಇಟ್ಕೊಳ್ಳಿ" ಎಂದರು. ಇಬ್ಬರೂ ಕಾರಿನ ಅಡಿಗೆ ಬಗ್ಗಿ ನೋಡಿರಲಿಲ್ಲ. ಅದು ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು. ಚಿಕ್ಕಪ್ಪ ನನ್ನನ್ನು ಕರೆದು, "ಎಲ್ಲಿ ಸೋರ್ತಾ ಇದೆ ಅಂತ ನಾವೇ ನೋಡೋಣ ಬಾರೋ" ಎಂದರು.

ಈ ರ‍್ಯಾಕ್ ಎಂದರೆ ಏನು? ಎರಡು ಮುಂದಿನ ಚಕ್ರಗಳ ನಡುವೆ ಅಡ್ಡಲಾಗಿ ಒಂದು ಕೊಳವೆ ಇರುತ್ತದೆ. ಅದರೊಳಗೆ ಹಲ್ಲುಗಳಿರುವ ಉಕ್ಕಿನ ಸರಳು. ನಾವು ಸ್ಟೀರಿಂಗ್ ತಿರುಗಿಸಿದಾಗ ಕೆಳಗಿನ ಸಣ್ಣ ಹಲ್ಲಿನ ಚಕ್ರವೊಂದು ಈ ಸರಳನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಆಯಿಲ್ ಇರುವ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಒತ್ತಡದಲ್ಲಿ ಆಯಿಲ್ ಕಳಿಸಿ ಆ ಸರಳನ್ನು ತಳ್ಳಲು ನೆರವಾಗುತ್ತದೆ. ಆಯಿಲ್ ಹೊರಬರದಂತೆ ತಡೆಯುವುದು ಒಳಗಿನ ಸೀಲುಗಳು. ಎರಡೂ ತುದಿಯಲ್ಲಿ ಕಾಣುವ ಮಡಿಕೆ ಮಡಿಕೆಯ ರಬ್ಬರ್ ಬೂಟುಗಳ ಕೆಲಸ ಧೂಳು, ಕೆಸರು ತಡೆಯುವುದು ಮಾತ್ರ. ಆದ್ದರಿಂದ ಬೂಟಿನೊಳಗೆ ಆಯಿಲ್ ನಿಂತಿದ್ದರೆ ಒಳಗಿನ ಸೀಲು ಹೋಗಿದೆ ಎಂದೇ ಅರ್ಥ.

ಸುರಿದುಕೊಂಡು ಓಡಿಸಿದರೆ ಏನಾಗುತ್ತದೆ? ಆಯಿಲ್ ಪೂರ್ತಿ ಖಾಲಿಯಾದರೂ ಸ್ಟೀರಿಂಗ್ ತಿರುಗುತ್ತದೆ, ಆದರೆ ತುಂಬಾ ಭಾರವಾಗುತ್ತದೆ. ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಹಾಗಾದರೆ ಗತಿಯೇನು? ಆಯಿಲ್ ಇಲ್ಲದೆ ತಿರುಗಿದ ಪಂಪೂ ಹಾಳಾಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಭಯವೂ ಇದೆ.

ಮೂಡಿಗೆರೆಯ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ರ‍್ಯಾಂಪಿಗೆ ಹತ್ತಿಸಿದೆವು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ತಲೆ ಹಾಕಬಾರದು. ಮೊದಲ ಕೆಲಸ ತೊಳೆಯುವುದು. ಎಲ್ಲ ಕಡೆ ಆಯಿಲ್, ಕೆಸರು ಮೆತ್ತಿಕೊಂಡಿದ್ದರೆ ಸೋರುವ ಜಾಗ ಯಾವುದೆಂದು ದೇವರಿಗೂ ಗೊತ್ತಾಗದು. ಸೋಪಿನ ನೀರು ಹಾಕಿ ಉಜ್ಜಿ, ಒಣಗಿಸಿ, ಡಬ್ಬಿಗೆ ಗುರುತಿನ ತನಕ ಆಯಿಲ್ ತುಂಬಿದೆವು.

ಚಿಕ್ಕಪ್ಪ ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿದರು. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಪಂಪಿನ ಮೇಲೆ ಒತ್ತಡ ಬೀಳುತ್ತದೆ. ನಾನು ಕೆಳಗೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದೆ. ಡಬ್ಬಿ ಮತ್ತು ಹೋಸಿನ ಕ್ಲಿಪ್ಪು, ಪಂಪು, ಒತ್ತಡದ ಪೈಪಿನ ಜೋಡಣೆ, ಸ್ಟೀರಿಂಗ್ ರಾಡು ರ‍್ಯಾಕಿಗೆ ಸೇರುವ ಜಾಗ, ಎಲ್ಲ ಒಣಗಿಯೇ ಇತ್ತು. ಇವುಗಳಲ್ಲಿ ಎಲ್ಲಾದರೂ ಹಸಿ ಕಂಡಿದ್ದರೆ ಒಂದು ಕ್ಲಿಪ್ಪಿನಲ್ಲೋ ವಾಷರಿನಲ್ಲೋ ಕೆಲಸ ಮುಗಿಯುವ ಸಾಧ್ಯತೆ ಇತ್ತು.

ಎಡಗಡೆ ಬೂಟಿನ ಅಡಿಯಲ್ಲಿ ಬೆರಳುದ್ದದ ಸೀಳು. ಅಲ್ಲಿಂದ ಕೆಂಪು ಆಯಿಲ್ ತೊಟ್ಟಿಕ್ಕಿತು. ಕ್ಲಿಪ್ಪು ಬಿಚ್ಚಿ ಬೂಟು ಸರಿಸಿದರೆ ಒಳಗೆ ಆಯಿಲ್ ಜೊತೆ ಕೆಸರು. ಬಲಗಡೆ ಬೂಟಿನಲ್ಲೂ ಸ್ವಲ್ಪ ಆಯಿಲ್ ಇತ್ತು. ಎರಡೂ ಸೀಲು ಹೋದವೇ ಎಂದು ಚಿಕ್ಕಪ್ಪ ಗಾಬರಿಯಾದರು. ಆದರೆ ಅನೇಕ ರ‍್ಯಾಕುಗಳಲ್ಲಿ ಎರಡು ಬೂಟುಗಳ ನಡುವೆ ಗಾಳಿ ಓಡಾಡಲು ಒಂದು ಸಣ್ಣ ಪೈಪು ಇರುತ್ತದೆ. ಒಂದು ಕಡೆಯ ಆಯಿಲ್ ಇನ್ನೊಂದು ಕಡೆಗೆ ಹೋಗಬಹುದು.

ಮೇಸ್ತ್ರಿ ರ‍್ಯಾಕ್ ಇಳಿಸಿಕೊಟ್ಟರು. ಟೈ ರಾಡಿನ ತುದಿ ಬಿಚ್ಚುವ ಮೊದಲು ಎಷ್ಟು ಸುತ್ತು ಬಂತು ಎಂದು ಎಣಿಸಿ ಬರೆದಿಟ್ಟುಕೊಂಡರು. ಏರ್‌ಬ್ಯಾಗ್ ಇರುವ ಕಾರಾದರೆ ಆಗ ಸ್ಟೀರಿಂಗ್ ಚಕ್ರ ತಿರುಗದಂತೆ ಕಟ್ಟಿಡಬೇಕು, ಇಲ್ಲದಿದ್ದರೆ ಒಳಗಿನ ವೈರಿನ ಸುರುಳಿ ತುಂಡಾಗಬಹುದು. ನಾನು ರ‍್ಯಾಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಮಂಗಳೂರಿಗೆ ಒಯ್ದೆ. ಸ್ಟೀರಿಂಗ್ ಕೆಲಸವನ್ನೇ ಮಾಡುವ ಅಂಗಡಿ ಅಲ್ಲಿತ್ತು. ನಡುವಿನ ಡಯಾಲಿಸಿಸ್ ದಿನಕ್ಕೆ ಚಿಕ್ಕಪ್ಪ ಬೇರೆ ಜೀಪು ಗೊತ್ತುಮಾಡಿ, ಹೆಚ್ಚಿನ ಬಾಡಿಗೆ ತಾವೇ ಕೊಟ್ಟರು.

ಅಂಗಡಿಯವರು ಸರಳನ್ನು ಹೊರತೆಗೆದು ಒರೆಸಿ ಉಗುರಿನಿಂದ ಸವರಿದರು. "ಉಗುರಿಗೆ ಗುಂಡಿ ಸಿಕ್ಕಿದ್ರೆ ಸೀಲ್ ಹಾಕಿ ಪ್ರಯೋಜನ ಇಲ್ಲ ತಮ್ಮಾ, ಎರಡೇ ತಿಂಗಳಲ್ಲಿ ಮತ್ತೆ ಕುಯ್ದು ಹಾಕ್ತದೆ" ಎಂದರು. 25 ಸಾವಿರದ ಪ್ರಶ್ನೆ ಆ ಉಗುರಿನ ತುದಿಯಲ್ಲಿತ್ತು. ಮೇಲ್ಮೈ ತುಕ್ಕು ಮಾತ್ರ ಇತ್ತು, ನಯವಾದ ಎಮರಿ ಕಾಗದಕ್ಕೆ ಹೋಯಿತು. ಸೀಲ್ ಕಿಟ್, ಎರಡು ಹೊಸ ಬೂಟು, ಕೂಲಿ ಸೇರಿ ಆರು ಸಾವಿರ. ಇಳಿಸಿ ಹತ್ತಿಸಲು, ಆಯಿಲಿಗೆ, ಅಲೈನ್‌ಮೆಂಟಿಗೆ ಇನ್ನು ಎರಡೂವರೆ ಸಾವಿರ.

ಹತ್ತಿಸಿದ ಮೇಲೆ ಗಾಳಿ ತೆಗೆಯಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಹಲವು ಸಲ ತುದಿಯಿಂದ ತುದಿಗೆ ತಿರುಗಿಸಿ ಆಯಿಲ್ ತುಂಬುತ್ತ ಬಂದರು. ಡಬ್ಬಿಯಲ್ಲಿ ನೊರೆ ನಿಂತ ಮೇಲೆಯೇ ಎಂಜಿನ್ ಚಾಲೂ. ಯಾವ ಆಯಿಲ್ ಎಂಬುದು ಮುಚ್ಚಳದ ಮೇಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಬೇರೆಯದು ಹಾಕಿದರೆ ಸೀಲು ಕೆಡಬಹುದು. ಸೋರಿಕೆ ನಿಲ್ಲಿಸುವ ಬಾಟಲಿಗಳನ್ನೂ ಮಾರುತ್ತಾರೆ. ಅವು ಗಟ್ಟಿಯಾದ ರಬ್ಬರನ್ನು ಕೊಂಚ ಉಬ್ಬಿಸುತ್ತವೆ, ಅಷ್ಟೆ. ಹರಿದ ಸೀಲನ್ನು ಕೂಡಿಸುವುದಿಲ್ಲ.

ಇಷ್ಟಕ್ಕೂ ಕಾರಣ ಬೂಟಿನ ಆ ಸೀಳು. ಅದರಿಂದ ಮಳೆನೀರು, ಕೆಸರು ಒಳಹೋಗಿ, ಸರಳು ತುಕ್ಕು ಹಿಡಿದು ಸೀಲನ್ನು ಕೊರೆಯಿತು. ಬೂಟೊಂದಕ್ಕೆ ಕೆಲವು ನೂರು ರೂಪಾಯಿ. ಮಣ್ಣುರಸ್ತೆಯಲ್ಲಿ ಓಡುವ ಕಾರಾದರೆ ಟೈರ್ ಬಿಚ್ಚಿದಾಗೆಲ್ಲ ಬೂಟಿನ ಮಡಿಕೆಗಳನ್ನು ಬಿಡಿಸಿ ನೋಡಿ. ನಿಮ್ಮ ಹೊಸ ಕಾರಿನಲ್ಲಿ ಸ್ಟೀರಿಂಗ್ ಆಯಿಲ್ ಡಬ್ಬಿಯೇ ಇಲ್ಲವೇ? ಅದು ಕರೆಂಟಿನ ಪವರ್ ಸ್ಟೀರಿಂಗ್ ಇರಬೇಕು. ಆಯಿಲ್ ಸೋರದಿದ್ದರೂ ಅದಕ್ಕೂ ಬೂಟುಗಳಿವೆ, ಅವೂ ಹರಿಯುತ್ತವೆ. ಗ್ಯಾರೇಜಿಗೆ ಹೋದಾಗ "ಎಷ್ಟಾಗುತ್ತದೆ" ಎನ್ನುವ ಮೊದಲು "ಎಲ್ಲಿ ಸೋರುತ್ತಿದೆ, ತೋರಿಸಿ" ಎಂದು ಕೇಳಿ.